ನಿಂತ ಕಲ್ಲು ಸೂರ್ಯನ ಕಡೆ ನೋಡುತ್ತಿದೆಯಾ? ನೀವೇ ಅಳೆದು ನೋಡುವುದು ಹೇಗೆ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್ ಅಂತ ಒಂದು ಊರಿದೆ. ಹೆಸರೇ ವಿಷಯ ಹೇಳುತ್ತದೆ, ನಿಲ್ಲಿಸಿದ ಕಲ್ಲು. ಅದೇ ತಾಲ್ಲೂಕಿನ ಬೈಸೆಯಲ್ಲೂ ಇಂಥವೇ ಕಲ್ಲುಗಳಿವೆ. ಕೆತ್ತನೆ ಇಲ್ಲ, ಅಕ್ಷರ ಇಲ್ಲ. ಬೃಹತ್ ಶಿಲಾಯುಗದ ಜನ ಉದ್ದನೆಯ ಚಪ್ಪಡಿಗಳನ್ನು ನೆಲದಲ್ಲಿ ನೆಟ್ಟು ನಿಲ್ಲಿಸಿದ್ದಾರೆ, ಕೆಲವು ಆಳಿಗಿಂತ ಎತ್ತರ, ಕೆಲವು ಸೊಂಟದ ಮಟ್ಟ, ಕೆಲವು ಬಿದ್ದು ಹುಲ್ಲಿನಲ್ಲಿ ಮಲಗಿವೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ, ಕೈಲಾಶ್ ರಾವ್ ಅನ್ನುವ ಸಂಶೋಧಕರು ಇಲ್ಲಿ ಅಳತೆ ಮಾಡಿದರು. ವರ್ಷದ ಅತಿ ಉದ್ದದ ದಿನ ಮತ್ತು ಅತಿ ಚಿಕ್ಕ ದಿನ ಸೂರ್ಯ ಹುಟ್ಟುವ, ಮುಳುಗುವ ಜಾಗಕ್ಕೆ ಕೆಲವು ಜೋಡಿ ಕಲ್ಲುಗಳು ನೇರವಾಗಿ ನಿಂತಿವೆ ಅಂತ ಪ್ರಕಟಿಸಿದರು.

ಅದನ್ನು ಓದಿದವರು ಅಲ್ಲಿಗೆ ಹೋಗಿ ಫೋಟೋ ತೆಗೆದು "ಕರ್ನಾಟಕದ ಸ್ಟೋನ್‌ಹೆಂಜ್" ಅಂತ ಬರೆದು ಬರುತ್ತಾರೆ. ನನಗೆ ಅಷ್ಟು ಸಾಲದು ಅನಿಸುತ್ತದೆ. ಇದು ಯಾರು ಬೇಕಾದರೂ ಅಳೆದು ನೋಡಬಹುದಾದ ವಿಷಯ. ಒಂದು ದಿಕ್ಸೂಚಿ, ಒಂದು ದಾರ, ಡಿಸೆಂಬರಿನ ಒಂದು ಸಂಜೆ ಸಾಕು.

ಮೊದಲು ನಿಮ್ಮ ಮುಂದೆ ಇರುವುದು ಏನು ಅಂತ ಗುರುತಿಸಿ. ದಕ್ಷಿಣ ಭಾರತದ ಕಲ್ಲಿನ ವೃತ್ತಗಳು ಹೆಚ್ಚಿನವು ಸಮಾಧಿಗಳು. ಸುತ್ತ ಗುಂಡುಕಲ್ಲು, ಒಳಗೆ ನೆಲದಡಿ ಚಪ್ಪಡಿಗಳ ಪೆಟ್ಟಿಗೆ ಅಥವಾ ಮಡಕೆ, ಅದರಲ್ಲಿ ಮೂಳೆ, ಕಬ್ಬಿಣದ ಸಾಮಾನು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ತೆಗೆದದ್ದು ಇಂಥವನ್ನೇ. ಕೊಪ್ಪಳದ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳಿವೆ, ಸುತ್ತಲಿನವರು ಮೋರ್ಯರ ಮನೆ ಅನ್ನುತ್ತಾರೆ. ವೃತ್ತ ಅಂದಮೇಲೆ ಅದಕ್ಕೆ ಎಲ್ಲ ದಿಕ್ಕೂ ಒಂದೇ ಅಲ್ವಾ? ಹಾಗಾಗಿ ವೃತ್ತ ನೋಡಿದ ಕೂಡಲೇ ನಕ್ಷತ್ರದ ಮಾತು ಬೇಡ. ಅಲ್ಲಿ ನೋಡಬೇಕಾದ್ದು ಒಳಗಿನ ಪೆಟ್ಟಿಗೆಯ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ ಯಾವ ಕಡೆಗಿದೆ ಅನ್ನುವುದನ್ನು ಮಾತ್ರ.

ಸೂರ್ಯನ ಪ್ರಶ್ನೆ ನಿಜವಾಗಿ ಬರುವುದು ನಿಂತ ಕಲ್ಲುಗಳ ಹತ್ತಿರ, ಇಲ್ಲವೇ ಸಾಲುಗಲ್ಲುಗಳ ಹತ್ತಿರ. ಯಾದಗಿರಿ ಜಿಲ್ಲೆಯ ಶಹಾಪುರದ ಪಕ್ಕ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳನ್ನು ಉದ್ದಕ್ಕೂ ಅಡ್ಡಕ್ಕೂ ಸಾಲು ಹಿಡಿದು ಚೌಕಾಬಾರದ ಮನೆಗಳ ಹಾಗೆ ಜೋಡಿಸಿದ್ದಾರೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಆ ಸೀಮೆಯ ಕಲ್ಲುಗಳ ಬಗ್ಗೆ ಬರೆದಿದ್ದಾನೆ. ನೀವು ಬಯಲುಸೀಮೆಯವರಾದರೆ ಅಲ್ಲಿಂದಲೇ ಶುರು ಮಾಡಿ. ಅಲ್ಲಿ ಆಕಾಶ ತೆರೆದಿರುತ್ತದೆ, ದಿಗಂತ ಕಾಣುತ್ತದೆ.

ಯಾವಾಗ ಹೋಗಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಪುಸ್ತಕದ ಪ್ರಕಾರ ವರ್ಷದ ಅತಿ ಉದ್ದದ ದಿನ, ಜೂನ್ 21. ಆದರೆ ಜೂನ್ 21ಕ್ಕೆ ಹೊಸನಗರದಲ್ಲಿ ಸೂರ್ಯ ಎಲ್ಲಿ ಕಾಣಬೇಕು? ಮಳೆ, ಇಂಬಳ, ಮೋಡ. ರಜೆ ಹಾಕಿ ಹೋಗಿ ಕೊಡೆ ಹಿಡಿದು ನಿಂತು ಬರಬೇಕಾಗುತ್ತದೆ. ಒಂದು ಒಳ್ಳೆಯ ಸಂಗತಿ ಏನೆಂದರೆ, ಜೂನ್ ಸೂರ್ಯೋದಯದ ಗೆರೆಯೂ ಡಿಸೆಂಬರ್ ಸೂರ್ಯಾಸ್ತದ ಗೆರೆಯೂ ಒಂದೇ. ಜೂನಿನಲ್ಲಿ ಸೂರ್ಯ ಪೂರ್ವದಿಂದ ಎಷ್ಟು ಉತ್ತರಕ್ಕೆ ಸರಿದು ಹುಟ್ಟುತ್ತಾನೋ, ಡಿಸೆಂಬರಿನಲ್ಲಿ ಪಶ್ಚಿಮದಿಂದ ಅಷ್ಟೇ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಗೆರೆಯ ಒಂದು ತುದಿಯಲ್ಲಿ ಅದು, ಇನ್ನೊಂದು ತುದಿಯಲ್ಲಿ ಇದು. ಹಾಗಾಗಿ ಡಿಸೆಂಬರಿಗೆ ಹೋಗಿ. 21ನೇ ತಾರೀಕೇ ಆಗಬೇಕೆಂದೇನಿಲ್ಲ. ಆ ಹೊತ್ತಿಗೆ ಸೂರ್ಯ ಹುಟ್ಟುವ ಜಾಗ ಹೆಚ್ಚುಕಮ್ಮಿ ನಿಂತೇ ಬಿಟ್ಟಿರುತ್ತದೆ. 16ರಿಂದ 26ರವರೆಗೆ ಯಾವ ದಿನ ಹೋದರೂ ನಿಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಾರ್ಚ್, ಸೆಪ್ಟೆಂಬರಿನಲ್ಲಿ ಹಾಗಲ್ಲ. ಆಗ ದಿನಕ್ಕೆ ಸುಮಾರು 0.4 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಸೂರ್ಯನದೇ ಅಗಲದಷ್ಟು ಸರಿಯುತ್ತಾ ಹೋಗುತ್ತದೆ.

ಈಗ ಅಳತೆ. ನಮ್ಮ ಮಲೆನಾಡಿನ ಅಕ್ಷಾಂಶ ಸುಮಾರು 14 ಡಿಗ್ರಿ. ಇಲ್ಲಿ ಜೂನ್ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಉತ್ತರವನ್ನು ಸೊನ್ನೆ ಅಂತ ಎಣಿಸಿದರೆ ದಿಕ್ಸೂಚಿಯಲ್ಲಿ ಅದು 66. ಡಿಸೆಂಬರ್ ಸೂರ್ಯೋದಯ 114, ಸೂರ್ಯಾಸ್ತ 246. ಜೂನ್ ಸೂರ್ಯಾಸ್ತ 294. ಈ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ಇದೇ 24 ಡಿಗ್ರಿ ಸುಮಾರು 40 ಆಗುತ್ತದೆ, ಅದು ಅಷ್ಟು ಉತ್ತರದಲ್ಲಿದೆ. ಅಲ್ಲಿನ ಸಂಖ್ಯೆ ತಂದು ಇಲ್ಲಿನ ಕಲ್ಲಿಗೆ ಹಚ್ಚಬೇಡಿ.

ದಿಕ್ಸೂಚಿ ಹಿಡಿಯುವಾಗ ಎಚ್ಚರ ಬೇಕು. ಮೊದಲ ಸಲ ಹೋದಾಗ ನಾನು ಇಡೀ ಬೆಳಿಗ್ಗೆ ಅಳೆದದ್ದು ವ್ಯರ್ಥವಾಯಿತು. ಫೋನಿನ ಕವರಿನಲ್ಲಿ ಮುಚ್ಚಳ ಅಂಟಿಕೊಳ್ಳೋಕೆ ಇರುವ ಸಣ್ಣ ಆಯಸ್ಕಾಂತ ಎಲ್ಲ ಅಳತೆಯನ್ನೂ ಏಳೆಂಟು ಡಿಗ್ರಿ ಎಳೆದಿತ್ತು, ಮನೆಗೆ ಬಂದು ನಕಾಶೆಯ ಮೇಲೆ ಗೆರೆ ಎಳೆದಾಗಲೇ ಗೊತ್ತಾದದ್ದು. ಕವರು ತೆಗೆಯಿರಿ, ಬೈಕಿನಿಂದ ದೂರ ನಿಲ್ಲಿ, ಕಲ್ಲಿಗೆ ತಾಗಿಸಿ ಹಿಡಿಯಬೇಡಿ. ಕೆಲವು ಕಲ್ಲಿನಲ್ಲೇ ಕಬ್ಬಿಣದ ಅಂಶ ಜಾಸ್ತಿ ಇರುತ್ತದೆ. ತಪ್ಪು ಹಿಡಿಯುವ ದಾರಿ ಸುಲಭ. ಮೊದಲ ಕಲ್ಲಿನ ಹಿಂದೆ ನಿಂತು ಎರಡನೆಯದನ್ನು ನೋಡಿ ಬರೆದುಕೊಳ್ಳಿ. ಆಮೇಲೆ ಎರಡನೆಯದರ ಹಿಂದೆ ಹೋಗಿ ಮೊದಲನೆಯದನ್ನು ನೋಡಿ. ಎರಡು ಸಂಖ್ಯೆಗೂ 180 ವ್ಯತ್ಯಾಸ ಇರಬೇಕು. ಇಲ್ಲದಿದ್ದರೆ ಹತ್ತಿರದಲ್ಲಿ ಏನೋ ಸೂಜಿಯನ್ನು ಎಳೆಯುತ್ತಿದೆ. ಸೂಜಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ 2 ಡಿಗ್ರಿಗಿಂತ ಕಡಿಮೆ ವ್ಯತ್ಯಾಸ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಿಕ್ಸೂಚಿಯ ಮೇಲೆ ನಂಬಿಕೆ ಇಲ್ಲವೇ? ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ ಹೇಳುತ್ತೇನೆ. ಸಮತಟ್ಟಾದ ಜಾಗದಲ್ಲಿ ಮೊಳ ಎತ್ತರದ ಕೋಲು ನೆಡಿ. ನೆಟ್ಟಗಿದೆಯಾ ಅಂತ ನೋಡೋಕೆ ಗಾರೆ ಕೆಲಸದವರ ಹಾಗೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿ. ಕೋಲನ್ನೇ ನಡುವಾಗಿಟ್ಟುಕೊಂಡು ದಾರದಿಂದ ನೆಲದ ಮೇಲೆ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ಕೋಲಿನ ನೆರಳು ಉದ್ದವಿರುತ್ತದೆ, ಹೊತ್ತೇರಿದ ಹಾಗೆ ಕುಗ್ಗುತ್ತಾ ಬಂದು ತುದಿ ವೃತ್ತವನ್ನು ಮುಟ್ಟುತ್ತದೆ. ಅಲ್ಲೊಂದು ಕಲ್ಲುಚೂರು ಇಡಿ. ಮಧ್ಯಾಹ್ನ ಆದಮೇಲೆ ನೆರಳು ಮತ್ತೆ ಬೆಳೆದು ಆಚೆ ಕಡೆ ವೃತ್ತ ಮುಟ್ಟುತ್ತದೆ. ಅಲ್ಲೂ ಒಂದು ಇಡಿ. ಎರಡನ್ನೂ ಸೇರಿಸಿದರೆ ಅಚ್ಚುಕಟ್ಟಾದ ಪೂರ್ವ-ಪಶ್ಚಿಮ. ಯಜ್ಞವೇದಿಕೆ ಅಳೆದು ಕಟ್ಟುವುದನ್ನು ಹೇಳುವ ಹಳೆಯ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲಿ ಇದೇ ವಿಧಾನ ಇದೆ, ಶಂಕು ಅಂತ ಕರೆಯುವುದು ಈ ಕೋಲನ್ನೇ. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಕಲ್ಲು ನೆಟ್ಟವರ ಕೈಗೂ ಎಟುಕುತ್ತಿದ್ದ ವಿದ್ಯೆ ಇದು.

ಎದುರಿಗೆ ಗುಡ್ಡ ಇದ್ದರೆ ಸೂರ್ಯ ಅದನ್ನು ಹತ್ತಿ ಬರುವಷ್ಟರಲ್ಲಿ ಬಲಕ್ಕೆ ಸರಿದಿರುತ್ತಾನೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು ಸುಮಾರು 1. ಗುಡ್ಡ ನಾಲ್ಕು ಕಿರುಬೆರಳು ಎತ್ತರ ಇದ್ದರೆ ಸೂರ್ಯೋದಯದ ಜಾಗ 1 ಡಿಗ್ರಿಯಷ್ಟು ಬಲಕ್ಕೆ ಹೋಗುತ್ತದೆ. ನಮ್ಮಲ್ಲಿ ಇದು ಇಷ್ಟರಲ್ಲೇ ಮುಗಿಯುತ್ತದೆ, ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಮೇಲೇರುತ್ತಾನೆ.

ಸಂಜೆ 5 ಗಂಟೆಗೆಲ್ಲ ಕಲ್ಲುಗಳ ಹತ್ತಿರ ಇರಿ. ಸೂರ್ಯನನ್ನು ದಿಟ್ಟಿಸಬೇಡಿ, ಅದರ ಅಗತ್ಯವೂ ಇಲ್ಲ. ಬೆನ್ನು ತಿರುಗಿಸಿ ನೆರಳು ನೋಡಿ. ಜೋಡಿ ಕಲ್ಲು ನಿಜವಾಗಿ ಡಿಸೆಂಬರ್ ಸೂರ್ಯಾಸ್ತದ ಗೆರೆಯಲ್ಲಿದ್ದರೆ ನೈಋತ್ಯದ ಕಲ್ಲಿನ ನೆರಳು ಈಶಾನ್ಯದ ಕಲ್ಲಿನ ಕಡೆಗೇ ಹೋಗಬೇಕು. ಮುಳುಗಲು ಕಾಲು ಗಂಟೆ ಇರುವಾಗ 2 ಮೀಟರ್ ಕಲ್ಲಿನ ನೆರಳು 25 ಮೀಟರ್ ದಾಟುತ್ತದೆ. ಹುಲ್ಲಿನ ಮೇಲೆ, ತರಗೆಲೆಯ ಮೇಲೆ ಹರಿದು ಹೋಗಿ ಎದುರಿನ ಕಲ್ಲಿನ ಬುಡ ಮುಟ್ಟಿ, ಆಮೇಲೆ ಅದರ ಮೈಮೇಲೆ ಏರುತ್ತದೆ. ಕಲ್ಲುಹೂವು ಹತ್ತಿ ಬೆಳ್ಳಗಾದ ಕಲ್ಲು ಕೆಳಗಿನಿಂದ ಮೇಲಕ್ಕೆ ಕಪ್ಪಾಗುತ್ತಾ ಹೋಗುವುದನ್ನು ಎರಡಡಿ ದೂರದಲ್ಲಿ ಕೂತು ನೋಡಿದ್ದೇನೆ. ತುದಿ ಮಾತ್ರ ಕೆಂಪಗೆ ಉಳಿದಿತ್ತು, ಆಮೇಲೆ ಅದೂ ಹೋಯಿತು.

ಆದರೆ ಒಂದು ಜೋಡಿ ಸಿಕ್ಕ ಕೂಡಲೇ ಗೆದ್ದೆವು ಅನ್ನಬೇಡಿ. ಈ ಲೆಕ್ಕ ನೋಡಿ. 20 ಕಲ್ಲು ಇದ್ದರೆ 190 ಜೋಡಿ ಆಗುತ್ತದೆ. ಅಯನ ಅಂದರೆ ಸೂರ್ಯ ದಿಕ್ಕು ತಿರುಗುವ ಆ ಜೂನ್, ಡಿಸೆಂಬರ್ ದಿನ. ಮೇಲಿನ ನಾಲ್ಕು ಸಂಖ್ಯೆ ಎದುರುಬದುರಾಗಿ ಸೇರಿ ಅಯನದ ಗೆರೆಗಳು ಎರಡೇ. 2 ಡಿಗ್ರಿ ಆಚೀಚೆ ಆದರೂ ಪರವಾಗಿಲ್ಲ ಅಂತ ಬಿಟ್ಟುಕೊಟ್ಟರೆ, ಕಲ್ಲುಗಳನ್ನು ಕಣ್ಣು ಮುಚ್ಚಿ ಎಸೆದಿದ್ದರೂ ಎಂಟು ಜೋಡಿ ತಾನಾಗಿಯೇ ಹೊಂದಿಕೊಳ್ಳುತ್ತದೆ. ಹಾಗಾಗಿ ಹೊಂದದ ಜೋಡಿಗಳನ್ನೂ ಬರೆದಿಡಿ, ಎಷ್ಟಕ್ಕೆ ಎಷ್ಟು ಅಂತ ಹೇಳಿ. ಹೊಸನಗರದ ಕಲ್ಲುಗಳ ವಿಷಯದಲ್ಲಿ ನನ್ನನ್ನು ಒಪ್ಪಿಸಿದ್ದು ಒಂದು ಜೋಡಿಯಲ್ಲ. ಬೈಸೆ, ನಿಲಸ್ಕಲ್ ಅಂತ ಬೇರೆ ಬೇರೆ ಜಾಗಗಳಲ್ಲಿ ಒಂದೇ ಬಗೆಯ ಕಲ್ಲು, ಒಂದೇ ಬಗೆಯ ಜೋಡಣೆ, ಅದೇ ಗೆರೆಗಳು ಮತ್ತೆ ಮತ್ತೆ ಸಿಕ್ಕಿದ್ದು. ಇನ್ನೊಂದು ವಿಷಯ, ಅಯನದ ದಿನ ಬಿಟ್ಟು ಬೇರೆ ಯಾವ ಗೆರೆಯಾದರೂ ವರ್ಷಕ್ಕೆ ಎರಡು ಸಲ ಹೊಂದುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಮೇಲೆ ಸಂಕ್ರಾಂತಿಗೆ ಬೀಳುವ ಬಿಸಿಲು ನವೆಂಬರ್ ಕೊನೆಯಲ್ಲೂ ಬೀಳುತ್ತದೆ.

ನಕ್ಷತ್ರಗಳ ಮಾತು ಬಂದರೆ ಇನ್ನೂ ಬಿಗಿಯಾಗಿರಬೇಕು. ನಾವು ಜನವರಿ 14 ಅಥವಾ 15ಕ್ಕೆ ಎಳ್ಳುಬೆಲ್ಲ ಹಂಚಿ ಉತ್ತರಾಯಣ ಅನ್ನುತ್ತೇವೆ, ಆದರೆ ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ದಾಟಿರುತ್ತದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. 72 ವರ್ಷಕ್ಕೆ 1 ಡಿಗ್ರಿಯಂತೆ ನಕ್ಷತ್ರಗಳು ಜಾಗ ಬಿಡುತ್ತವೆ. ಕಲ್ಲು ನೆಟ್ಟು 3000 ವರ್ಷ ಆಗಿದೆ ಅಂದುಕೊಂಡರೆ ಎಷ್ಟಾಯಿತು ಲೆಕ್ಕ ಹಾಕಿ. ಈಗಿನ ಧ್ರುವನಕ್ಷತ್ರ ಆಗ ಧ್ರುವದಲ್ಲಿ ಇರಲೇ ಇಲ್ಲ. ಅಯನದ ಸೂರ್ಯ ಮಾತ್ರ ಅಷ್ಟು ಬದಲಾಗಿಲ್ಲ, ಅರ್ಧ ಡಿಗ್ರಿ ಒಳಗೇ ಇದೆ. ಸೂರ್ಯನ ಗೆರೆಯನ್ನು ಇವತ್ತು ಹೋಗಿ ನೋಡಬಹುದು, ನಕ್ಷತ್ರದ ಗೆರೆಯನ್ನು ನೋಡೋಕೆ ಆಗುವುದಿಲ್ಲ ಅನ್ನುವುದು ಇದಕ್ಕೇ. ಅದಕ್ಕೆ ಕಂಪ್ಯೂಟರಿನಲ್ಲಿ ಯಾವ ಕಾಲದ ಆಕಾಶವನ್ನಾದರೂ ತೋರಿಸುವ ಸ್ಟೆಲೇರಿಯಂ ತಂತ್ರಾಂಶ ಹಾಕಿಕೊಂಡು, ನಿಮ್ಮ ಜಾಗ ಕೊಟ್ಟು, ಇಸವಿಯನ್ನು ಕ್ರಿ.ಪೂ. 1000ಕ್ಕೆ ತಿರುಗಿಸಿ ನೋಡಬೇಕು. ಆಮೇಲೆ ಕ್ರಿ.ಪೂ. 500ಕ್ಕೂ ತಿರುಗಿಸಿ ನೋಡಿ. ಅದೇ ನಕ್ಷತ್ರ ಹುಟ್ಟುವ ಜಾಗ ಕೆಲವು ಡಿಗ್ರಿ ಸರಿದಿರಬಹುದು. ಕಲ್ಲು ನೆಟ್ಟ ಕಾಲ ಗಟ್ಟಿಯಾಗಿ ಗೊತ್ತಿಲ್ಲದೆ "ಇದು ಇಂಥ ನಕ್ಷತ್ರಕ್ಕೆ" ಅಂದರೆ ನಾನು ನಂಬುವುದಿಲ್ಲ, ಹುಡುಕಿದರೆ ಪ್ರತಿ ಕಲ್ಲಿಗೂ ಒಂದು ನಕ್ಷತ್ರ ಸಿಗುತ್ತದೆ.

ಗೆರೆ ಬಿಟ್ಟು ಬೇರೆ ರೀತಿಯಲ್ಲೂ ನಕ್ಷತ್ರ ಕಲ್ಲಿಗೆ ಬಂದಿರಬಹುದು. ರಾಯಚೂರಿನಿಂದ ಕೃಷ್ಣೆ ದಾಟಿದರೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ ಮುಡುಮಾಲ್ ಸಿಗುತ್ತದೆ. ಎತ್ತರದ ನಿಂತ ಕಲ್ಲುಗಳ ನಡುವೆ ಒಂದು ಕಲ್ಲಿನ ಮೇಲೆ ಬಟ್ಟಲಿನಂಥ ಕುಳಿಗಳನ್ನು ಕೊರೆದಿದ್ದಾರೆ, ಅವು ಸಪ್ತರ್ಷಿ ಮಂಡಲದ ಆಕಾರದಲ್ಲಿವೆ. 2025ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಂಥ ಕುಳಿ ನೋಡೋಕೆ ಮಧ್ಯಾಹ್ನದ ಬಿಸಿಲು ಪ್ರಯೋಜನವಿಲ್ಲ. ಇಳಿಬಿಸಿಲಿನಲ್ಲಿ ಹೋಗಿ, ಇಲ್ಲವೇ ಬೆಳಕು ಕಲ್ಲಿನ ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯಿರಿ. ಕುಳಿಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಸೀಮೆಸುಣ್ಣ, ನೀರು, ಎಣ್ಣೆ ಯಾವುದನ್ನೂ ಹಚ್ಚಬೇಡಿ.

ಕಲ್ಲು ಯಾರದಾದರೂ ತೋಟದಲ್ಲಿದ್ದರೆ ಒಳಗೆ ಹೋಗುವ ಮೊದಲು ತೋಟದವರನ್ನು ಕೇಳಿ. ಕೇಳಿದರೆ ದಾರಿಯನ್ನೂ ಹೇಳುತ್ತಾರೆ, ಬಿದ್ದ ಕಲ್ಲು ಮೊದಲು ಎಲ್ಲಿ ನಿಂತಿತ್ತು ಅಂತ ಅಜ್ಜ ಹೇಳಿದ್ದನ್ನೂ ಹೇಳುತ್ತಾರೆ. ಆ ಮಾತನ್ನೂ ಬರೆದುಕೊಳ್ಳಿ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಬೇಡಿ. ನೀವು ನಿಲ್ಲಿಸಿದ ದಿಕ್ಕನ್ನೇ ಮುಂದೆ ಅಳೆಯುವವರು ಹಳೆಯ ದಿಕ್ಕು ಅಂದುಕೊಳ್ಳುತ್ತಾರೆ, ಅಲ್ಲಿಗೆ ಆ ಕಲ್ಲಿನ ಸಾಕ್ಷಿ ಮುಗಿಯಿತು. ಅಗೆಯಲೇಬೇಡಿ.

ಯಾರೂ ಬರೆಯದ ಕಲ್ಲು ಕಣ್ಣಿಗೆ ಬಿದ್ದರೆ ಅದರ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ನಿಧಿ ಆಸೆಗೆ ಬುಡ ಅಗೆದು ಉರುಳಿಸಿದ ಕಲ್ಲುಗಳನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಿರಿ. ಫೋಟೋದಲ್ಲಿ ಕಲ್ಲಿನ ಪಕ್ಕ ಒಂದು ಅಳತೆಕೋಲು ಇರಲಿ. ಎತ್ತರ, ಅಗಲ, ದಪ್ಪ, ಚಪ್ಪಡಿಯ ಅಗಲದ ಮುಖ ಯಾವ ಕಡೆಗೆ, ಎಷ್ಟು ಓರೆಯಾಗಿದೆ, ಯಾವ ದಿನ ಯಾವ ಹೊತ್ತಿಗೆ ಅಳೆದಿರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ.