ಮೂಗು ಸುಡಿಸುವುದನ್ನು ಬಿಟ್ಟು ತೊಯ್ಯಿಸಲು ಕಲಿತದ್ದು: ನನ್ನ ಅನುಭವ

ಎಚ್‌ಎಚ್‌ಟಿ ಎಂದರೆ ರಕ್ತನಾಳಗಳು ಸರಿಯಾಗಿ ರೂಪುಗೊಳ್ಳದೆ, ಮೂಗಿನಿಂದ ಪದೇ ಪದೇ ರಕ್ತ ಸುರಿಯುವ, ವಂಶದಲ್ಲಿ ಹರಿದುಬರುವ ಕಾಯಿಲೆ. ಅದು ಇರುವವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಬೆಳಗಿನ ದಿಂಬಿನ ಕಲೆ ಎಲ್ಲರಿಗೂ ಗೊತ್ತು. ಬಳ್ಳಾರಿಯ ನಮ್ಮ ಮನೆಯಲ್ಲಿ ಅವ್ವನಿಗೂ ಹೀಗೆಯೇ ಸುರಿಯುತ್ತಿತ್ತು. ಮೈ ಉಷ್ಣವೆಂದು ಹಿರಿಯರು ಅವಳ ನೆತ್ತಿಗೆ ಹರಳೆಣ್ಣೆ ತಟ್ಟಿ, ಈರುಳ್ಳಿ ಮೂಸಿಸುತ್ತಿದ್ದರು. ನನ್ನ 41ನೆಯ ವಯಸ್ಸಿನಲ್ಲಿ ಹಲ್ಲಿನ ವೈದ್ಯರೊಬ್ಬರು ತುಟಿಯ ಕೆಂಪು ಚುಕ್ಕೆಗಳನ್ನು ಒತ್ತಿ ನೋಡಿ ಅವ್ವನ ಬಗ್ಗೆ ವಿಚಾರಿಸಿದ ಮೇಲೆಯೇ ಈ ರೋಗವನ್ನು ಗುರುತಿಸಲು ವೈದ್ಯರು ನೋಡುವ ಕುರಸಾವೊ ಲಕ್ಷಣಗಳ ಲೆಕ್ಕ ಕೂಡಿಬಂದಿತು.

ಅಷ್ಟರಲ್ಲಿ ನಾನು ಮೂರು ಸಲ ಮೂಗು ಸುಡಿಸಿಕೊಂಡಿದ್ದೆ, ಅಂದರೆ ರಕ್ತ ನಿಲ್ಲಿಸಲು ಮೂಗಿನೊಳಗಿನ ರಕ್ತನಾಳಗಳನ್ನು ವೈದ್ಯರಿಂದ ಸುಡಿಸಿದ್ದೆ. ಸಲಕ್ಕೆ ಸುಮಾರು 15 ಸಾವಿರ ರೂಪಾಯಿ. ಮೊದಲನೆಯದು ನಾಲ್ಕು ತಿಂಗಳು ತಡೆಯಿತು, ಎರಡನೆಯದು ಎರಡು ತಿಂಗಳು, ಮೂರನೆಯದು ಮೂರೇ ವಾರ. ಕೊನೆಗೆ ಉಳಿದದ್ದು ಮೂಗಿನ ನಡುಗೋಡೆಯಲ್ಲೊಂದು ತೂತು. ಜೋರಾಗಿ ಉಸಿರೆಳೆದರೆ ಅದು ಇಂದಿಗೂ ಸಣ್ಣಗೆ ಸೀಟಿ ಹೊಡೆಯುತ್ತದೆ. ಒಂದು ರಾತ್ರಿ ತುರ್ತು ಚಿಕಿತ್ಸೆಯಲ್ಲಿ ತುರುಕಿದ್ದ ಗಾಜ್ ಬಟ್ಟೆಯನ್ನು ಎರಡು ದಿನಗಳ ಮೇಲೆ ಎಳೆದಾಗ ಹೆಕ್ಕಳೆಯೂ ಕಿತ್ತು ಬಂದು, ಮೊದಲಿಗಿಂತ ಹೆಚ್ಚು ರಕ್ತ ಹೋಯಿತು. ಹಿಮೋಗ್ಲೋಬಿನ್ ಆರರ ಕೆಳಗಿಳಿದಿತ್ತು.

ಆಮೇಲೆ ಸುಡಿಸುವುದನ್ನು ಬಿಟ್ಟು, ಮೂಗು ಒಣಗದಂತೆ ಉಪ್ಪುನೀರಿನಿಂದ ತೊಯ್ಯಿಸಲು ತೊಡಗಿದೆ. “ಉಪ್ಪುನೀರಿಗೆ ನಿಲ್ಲುವ ರಕ್ತವಾಗಿದ್ದರೆ ಇಷ್ಟು ದುಡ್ಡು ಯಾಕೆ ಸುರಿದಿರಿ?” ಎಂದು ಭಾವಮೈದುನ ನಕ್ಕ. ಮೊದಲ ಆರು ವಾರ ಅವನ ಮಾತೇ ನಿಜವಾಗಿತ್ತು. ಉಪ್ಪು ಹೆಚ್ಚಾಗಿ ಉರಿಯಿತು. ಸಿರಿಂಜಿನಿಂದ ರಭಸವಾಗಿ ಬಿಟ್ಟಾಗ ಹೆಕ್ಕಳೆ ಎದ್ದಿತು. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಮತ್ತು ಚಿಟಿಕೆ ಅಡುಗೆ ಸೋಡಾ ಹಾಕಿ, ಮಂಜಿನಂತೆ ಸಿಂಪಡಿಸಲು ತೊಡಗಿದ ಮೇಲೆ ಹದ ಸಿಕ್ಕಿತು. ರಾತ್ರಿ ತೆಳುವಾಗಿ ಮುಲಾಮು ಹಚ್ಚುತ್ತೇನೆ. ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ತೊಂದರೆ ಇರಲಿಲ್ಲವೆಂದು ಖಚಿತಪಡಿಸಿಕೊಂಡು ವೈದ್ಯರು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಬರೆದರು. ಅದಕ್ಕೆ ತಿಂಗಳಿಗೆ ಹೆಚ್ಚುಕಡಿಮೆ 1,800 ರೂಪಾಯಿ ಬೇಕು. ಕಬ್ಬಿಣದ ಮಾತ್ರೆ ಹೊಟ್ಟೆಗೆ ಒಗ್ಗದ ಕಾರಣ ವರ್ಷಕ್ಕೆರಡು ಸಲ ಡ್ರಿಪ್ಪಿನಲ್ಲಿ ಏರಿಸಿಕೊಳ್ಳುತ್ತೇನೆ.

ಗೋಡೆಯ ಕ್ಯಾಲೆಂಡರಿನಲ್ಲಿ ರಕ್ತ ಬಂದ ದಿನಕ್ಕೆ ಕೆಂಪು ಗೀಟು ಹಾಕುವುದು ನನ್ನ ರೂಢಿ. ಆರಂಭದ ಏಪ್ರಿಲ್‌ನಲ್ಲಿ 26 ಗೀಟುಗಳಿದ್ದವು, ಎರಡು ವರ್ಷಗಳ ನಂತರದ ಏಪ್ರಿಲ್‌ನಲ್ಲಿ ಏಳು. ಬಳ್ಳಾರಿಯ ಬಿಸಿಲಿನಲ್ಲಿ ಏಳಕ್ಕೆ ಇಳಿಸಿದವರು ಬೇರೆ ಯಾರಾದರೂ ಇದ್ದರೆ ನಾನು ಅವರ ಮನೆಗೇ ಹೋಗಿ ಕಲಿಯುತ್ತೇನೆ. ಈಗ ಭಾವಮೈದುನನೇ ಉಪ್ಪಿನ ಅಳತೆ ಕೇಳಿ ಬರೆದುಕೊಂಡಿದ್ದಾನೆ.

ಮಲಗುವ ಕೋಣೆಯ ತೇವಕ್ಕಾಗಿ ಲಾವಂಚದ ತಟ್ಟಿ, ಒದ್ದೆ ಗೋಣಿಚೀಲ, ಅಗಲ ಬಾಯಿಯ ಮಡಕೆ ಎಲ್ಲವನ್ನೂ ಪರೀಕ್ಷಿಸಿದೆ. ಗಾಳಿಯ ತೇವ ಅಳೆಯುವ ನಾನೂರು ರೂಪಾಯಿಯ ಮಾಪಕ ಶೇಕಡಾ ಇಪ್ಪತ್ತನಾಲ್ಕರಿಂದ ಮೂವತ್ತರ ಮೇಲೆ ಏರಲಿಲ್ಲ. ತೇವ ಹರಡುವ ಯಂತ್ರ ತಂದಾಗ ನಲವತ್ತೈದು ದಾಟಿತು, ಜೊತೆಗೆ ಗೋಡೆಗೆ ಬೂಷ್ಟು ಬಂದು ಹೆಂಡತಿಯ ಕೋಪವೂ ಏರಿತು. ಮೂಗಿಗೆ ಎಳ್ಳೆಣ್ಣೆ ಹಾಕಿ ನೋಡಿದಾಗ ಸೀನು ಬಂದು, ಸೀನಿನ ಹಿಂದೆಯೇ ರಕ್ತವೂ ಬಂತು.

ಈಗ ಗಾಜ್ ಬಟ್ಟೆಯ ಬದಲು ತಾನಾಗಿಯೇ ಕರಗುವ ಜೆಲಟಿನ್ ಸ್ಪಂಜು ಸದಾ ನನ್ನ ಜೇಬಿನಲ್ಲಿರುತ್ತದೆ. ಅದನ್ನು ಯಾವ ಆಕಾರಕ್ಕೆ ಕತ್ತರಿಸಿ ಹೇಗೆ ಕೂರಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಎದುರು ಕೂರಿಸಿಕೊಂಡೇ ತೋರಿಸಬೇಕಾದ ಕೈಚಳಕ.

ಗುಳ್ಳೆಯ ಎಕೋದಲ್ಲಿ (ರಕ್ತಕ್ಕೆ ಅತಿ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು ಮಾಡುವ ಹೃದಯದ ಸ್ಕ್ಯಾನ್) ನನ್ನ ಶ್ವಾಸಕೋಶದ ರಕ್ತನಾಳದಲ್ಲೂ ಒಂದು ಅಡ್ಡದಾರಿ ಪತ್ತೆಯಾಗಿ, ಅದನ್ನು ಕಾಯಿಲ್ ಎಂಬ ಲೋಹದ ಸಣ್ಣ ಸುರುಳಿ ಹಾಕಿ ಮುಚ್ಚಿದ್ದಾರೆ. ಅಂಥ ದಾರಿಯಲ್ಲಿ ರೋಗಾಣು, ಗಾಳಿಗುಳ್ಳೆಗಳು ಶ್ವಾಸಕೋಶದಲ್ಲಿ ಸೋಸಿಹೋಗದೆ ಮೆದುಳಿಗೆ ಸೇರಬಹುದು. ಆದ್ದರಿಂದ ಮುಚ್ಚಿದ ಮೇಲೂ ಹಲ್ಲು ಕೀಳಿಸುವ ಮುಂಚೆ ಆ್ಯಂಟಿಬಯೋಟಿಕ್ ತಪ್ಪಿಸುವುದಿಲ್ಲ. ಡ್ರಿಪ್ ಹಾಕಿದಾಗಲೂ ಕೊಳವೆಯ ಮೇಲೆಯೇ ಕಣ್ಣಿಟ್ಟು, ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ಸಿಸ್ಟರನ್ನು ಕರೆಯುತ್ತೇನೆ. ಅವರು ಗೊಣಗುತ್ತಾರೆ, ಆದರೂ ಬಂದು ಕೊಳವೆಯನ್ನು ಬೆರಳಿನಿಂದ ತಟ್ಟಿ ಗುಳ್ಳೆ ತೆಗೆದೇ ಹೋಗುತ್ತಾರೆ.