ದೂರು ಪುಸ್ತಕದಿಂದ ಶುರುವಾಗುವ ವ್ಯಾಪಾರ

ಏಳನೇ ತರಗತಿಯ ಮಕ್ಕಳ ಮುಂದೆ ನಿಂತು "ನಿಮ್ಮದೇ ಒಂದು ಬಿಸಿನೆಸ್ ಐಡಿಯಾ ಹೇಳಿ" ಅಂದರೆ ಏನೇನು ಬರುತ್ತದೆ ಅನ್ನೋದು ನನಗೀಗ ಬಾಯಿಪಾಠ. ಒಂದು ಆ್ಯಪ್, ಅದರಂಥದ್ದೇ ಇನ್ನೊಂದು ಆ್ಯಪ್, ಹೋಮ್‌ವರ್ಕ್ ಬರೆದುಕೊಡುವ ರೋಬೋಟ್, ಹಾರುವ ಸೈಕಲ್. ಮಕ್ಕಳನ್ನು ದೂರಿ ಫಲವಿಲ್ಲ. ಐಡಿಯಾ ಅಂದರೆ ಯಾರೂ ಕಂಡು ಕೇಳರಿಯದ ಭಾರೀ ಸಂಗತಿ ಅಂತ ದೊಡ್ಡವರೇ ಅವರ ತಲೆಗೆ ತುಂಬಿದ್ದೇವೆ. ಅದಕ್ಕೇ ನಾನು ಐಡಿಯಾ ಕೇಳುವುದಿಲ್ಲ, ದೂರು ಕೇಳುತ್ತೇನೆ.

ಪ್ರತಿ ಮಗುವಿನ ಹತ್ತಿರ ಒಂದು ಪುಟ್ಟ ನೋಟ್‌ಬುಕ್ ಇರಬೇಕು. ಅದರ ಹೆಸರು ದೂರು ಪುಸ್ತಕ. ಒಂದು ವಾರ ಮನೆಯಲ್ಲಿ, ದಾರಿಯಲ್ಲಿ, ಶಾಲೆಯಲ್ಲಿ ಕಿರಿಕಿರಿಯಾದದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ನಿಯಮ ಎರಡೇ. ಮನುಷ್ಯರ ಮೇಲೆ ದೂರು ಬೇಡ (ಈ ನಿಯಮ ಇಲ್ಲದಿದ್ದರೆ ಪುಸ್ತಕದ ತುಂಬ ತಮ್ಮ, ತಂಗಿ ಮತ್ತು ಕ್ಲಾಸ್ ಲೀಡರ್). ಪರಿಹಾರವನ್ನೂ ಈಗಲೇ ಬರೆಯಬಾರದು. ಆಗ ಬರುವ ಸಾಲುಗಳೇ ಬೇರೆ: "ಬಾಟಲಿ ಸೋರಿ ವಿಜ್ಞಾನದ ಪುಸ್ತಕ ಒದ್ದೆ." "ಪೆನ್ಸಿಲ್ ಚಿಕ್ಕದಾಗಿದೆ, ಹಿಡಿಯೋಕೆ ಆಗಲ್ಲ, ಎಸೆಯೋಕೆ ಮನಸ್ಸಿಲ್ಲ." "ಮಾತ್ರೆ ಹಾಳೆ ಮೇಲಿನ ಅಕ್ಷರ ಅಜ್ಜಿಗೆ ಕಾಣಲ್ಲ, ದಿನಾ ನಾನೇ ಓದಬೇಕು." "ಬ್ಯಾಗಿನ ಜಿಪ್ ಎಳೆದರೂ ಹಲ್ಲು ಕೂಡಲ್ಲ."

ದೂರಿನಿಂದ ವ್ಯಾಪಾರ ಹುಟ್ಟುತ್ತದೆಯೇ ಎಂದು ಅನುಮಾನಪಡುವವರಿಗೆ ಚೆಸ್ಟರ್ ಗ್ರೀನ್‌ವುಡ್ ಎಂಬ ಹುಡುಗನ ಕಥೆ ಹೇಳುತ್ತೇನೆ. ಅಮೆರಿಕದ ಮೇನ್ ರಾಜ್ಯದ ಫಾರ್ಮಿಂಗ್ಟನ್‌ನವನು. 1873ರಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವಾಗ ಚಳಿಗೆ ಕಿವಿ ಸೆಟೆದುಕೊಳ್ಳುತ್ತಿತ್ತು. ತಂತಿಯನ್ನು ಬಳೆಯಂತೆ ಬಗ್ಗಿಸಿ, ಅದಕ್ಕೆ ತುಪ್ಪಳ ಹೊಲಿದುಕೊಡು ಎಂದು ಅಜ್ಜಿಯನ್ನು ಕೇಳಿದ. 1877ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಆಮೇಲೆ ಅದೇ ಊರಲ್ಲಿ ಕಿವಿಮುಚ್ಚುಗೆಯ ಕಾರ್ಖಾನೆಯೇ ಎದ್ದಿತು. ಮಕ್ಕಳಿಗೆ ಇಷ್ಟವಾಗುವುದು ಪೇಟೆಂಟ್ ಅಲ್ಲ, ಹೊಲಿದದ್ದು ಅಜ್ಜಿ ಅನ್ನೋದು. ಎಲ್ಲವನ್ನೂ ತಾನೇ ಮಾಡಬೇಕಿಲ್ಲ ಎಂದು ಗೊತ್ತಾದ ಕೂಡಲೇ "ನನಗೆ ಬರಲ್ಲ ಮಿಸ್" ಅನ್ನುವವರ ಸಂಖ್ಯೆ ಕಡಿಮೆಯಾಗುತ್ತದೆ.

ಪರಿಹಾರ ಯೋಚಿಸುವ ಹೊತ್ತಿಗೆ ಮೊದಲು ಎಲ್ಲರೂ ಸುಮ್ಮನೆ, ಒಬ್ಬೊಬ್ಬರೇ ಬರೆಯಬೇಕು. ಗುಂಪು ಆಮೇಲೆ. ಒಟ್ಟಿಗೆ ಕೂತು ಬಾಯಿಗೆ ಬಂದದ್ದು ಹೇಳುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಅಲೆಕ್ಸ್ ಆಸ್‌ಬರ್ನ್ ಎಂಬ ಜಾಹೀರಾತಿನವನು. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು, ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದರೆ ಗುಂಪಿಗಿಂತ ಹೆಚ್ಚು ಐಡಿಯಾ ಬರುತ್ತವೆ ಎಂದು ತೋರಿಸಿತ್ತು. ತರಗತಿಯಲ್ಲಿ ಇದಕ್ಕೆ ಪ್ರಯೋಗವೂ ಬೇಡ. ಜೋರು ಬಾಯಿಯ ಮೂವರು ಮಾತು ಶುರು ಮಾಡಿದರೆ ಹಿಂದಿನ ಬೆಂಚಿನವರು ತಮ್ಮ ಯೋಚನೆ ಬಿಟ್ಟು ತಲೆಯಾಡಿಸತೊಡಗುತ್ತಾರೆ.

ಈ ಹಂತದಲ್ಲಿ ತಪ್ಪದೇ ಬರುವ ಮಾತು: "ಇದು ಆಗಲೇ ಇದೆಯಲ್ಲ ಮಿಸ್!" ಇದ್ದರೆ ಇರಲಿ. 1858ರಲ್ಲಿ ಹೈಮನ್ ಲಿಪ್‌ಮನ್ ಪೆನ್ಸಿಲಿನ ತುದಿಗೆ ರಬ್ಬರ್ ಸೇರಿಸಿ ಪೇಟೆಂಟ್ ಪಡೆದ. 1875ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪೆನ್ಸಿಲ್ ಬರೆಯುತ್ತದೆ, ರಬ್ಬರ್ ಅಳಿಸುತ್ತದೆ, ಎರಡನ್ನು ಸೇರಿಸಿದ್ದರಿಂದ ಹೊಸ ಆವಿಷ್ಕಾರವೇನೂ ಆಗಲಿಲ್ಲ ಎಂದು ಆ ಪೇಟೆಂಟನ್ನು ತಳ್ಳಿಹಾಕಿತು. ಕೋರ್ಟು ಬೇಡ ಅಂದಿತು, ಕೊಳ್ಳುವವರು ಮಾತ್ರ ಇಂದಿಗೂ ಬಿಟ್ಟಿಲ್ಲ. ವ್ಯಾಪಾರಕ್ಕೆ ಹೊಸತನಕ್ಕಿಂತ ಗಿರಾಕಿ ಮುಖ್ಯ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಸಿಕ್ಕಿಲ್ಲ.

ಗಿರಾಕಿಯನ್ನು ಮಾತಾಡಿಸುವುದನ್ನು ಮಾತ್ರ ನಿಧಾನವಾಗಿ ಕಲಿಸಬೇಕು. "ನಾನು ಇದನ್ನು ಮಾಡಿದರೆ ತಗೋತೀಯಾ?" ಎಂದು ಕೇಳಿದರೆ ಗೆಳೆಯ ಹೂಂ ಅಂದೇ ಅನ್ನುತ್ತಾನೆ. ಅದು ದಾಕ್ಷಿಣ್ಯದ ಹೂಂ, ಲೆಕ್ಕಕ್ಕಿಲ್ಲ. ಹಾಗಾಗಿ ನನ್ನ ತರಗತಿಯಲ್ಲಿ ಆಗಿಹೋದದ್ದನ್ನು ಮಾತ್ರ ಕೇಳಬೇಕು: ಕಳೆದ ಸಲ ಹೀಗಾದಾಗ ಏನು ಮಾಡಿದೆ? ಅದಕ್ಕೆ ಎಷ್ಟು ಹೊತ್ತು ಹೋಯಿತು? ಯಾರ ಹತ್ತಿರ ಹೋದೆ?

ಜಿಪ್ಪಿನ ದೂರು ಬರೆದ ಹುಡುಗಿ ಹೀಗೆ ಕೇಳುತ್ತಾ ಹೋದಾಗ ಒಂದು ವಿಚಿತ್ರ ಹೊರಬಿತ್ತು. ಜಿಪ್ ಹಾಳಾಗಿದೆ ಎಂದವರಲ್ಲಿ ಹೆಚ್ಚಿನವರ ಬ್ಯಾಗಿನ ಹಲ್ಲುಗಳು ನೆಟ್ಟಗೇ ಇದ್ದವು. ಸಡಿಲವಾಗಿದ್ದದ್ದು ರನ್ನರ್, ಅಂದರೆ ಹಲ್ಲುಗಳನ್ನು ಕೂಡಿಸುತ್ತಾ ಓಡುವ ತುಂಡು. ಅವಳ ಮನೆಯಲ್ಲಿ ಹೊಲಿಗೆ ಯಂತ್ರವಿತ್ತು, ವಿದ್ಯೆ ಅಲ್ಲಿಂದಲೇ ಬಂತು. ರನ್ನರನ್ನು ಜಿಪ್ಪಿನ ಬುಡಕ್ಕೆ ತಂದು, ಅದರ ಎರಡೂ ಪಕ್ಕವನ್ನು ಇಕ್ಕಳದಿಂದ ಒಂದೊಂದಾಗಿ ಮೆತ್ತಗೆ ಒತ್ತಬೇಕು. ಜೋರಾಗಿ ಒತ್ತಿದರೆ ಸಿಕ್ಕಿಕೊಳ್ಳುತ್ತದೆ, ಇನ್ನೂ ಬಲ ಹಾಕಿದರೆ ಮುರಿಯುತ್ತದೆ. ಸ್ವಲ್ಪ ಒತ್ತು, ಎಳೆದು ನೋಡು, ಮತ್ತೆ ಸ್ವಲ್ಪ ಒತ್ತು. ಕೊನೆಗೆ ಹಲ್ಲಿನ ಮೇಲೆ ಪೆನ್ಸಿಲ್ ಸೀಸ ಉಜ್ಜಿದರೆ ಸರಾಗವಾಗಿ ಓಡುತ್ತದೆ. ಮೊದಲ ಬ್ಯಾಗ್ ಮುಚ್ಚಿಕೊಂಡಾಗ ಅವಳ ಮೇಜಿನ ಸುತ್ತ ಗುಂಪು ಕಟ್ಟಿತ್ತು. ಹಾರುವ ಸೈಕಲ್ಲಿನ ತಂಡವೂ ಅಲ್ಲೇ ಇತ್ತು.

ಲೆಕ್ಕ ಶುರುವಾದಾಗ ಮಕ್ಕಳ ಮುಖ ಬಾಡುತ್ತದೆ, ಆದರೂ ಬಿಡಬಾರದು. ನಮ್ಮಲ್ಲಿ ನಿಜವಾದ ದುಡ್ಡಿಲ್ಲ, ರಟ್ಟಿನ ಬಿಲ್ಲೆ. ಇಕ್ಕಳಕ್ಕೆ 100 ಬಿಲ್ಲೆ ಎಂದಿಟ್ಟುಕೊಂಡೆವು. ಒಂದು ಜಿಪ್ಪಿಗೆ 5 ಬಿಲ್ಲೆ, ಅದರಲ್ಲಿ ಸೀಸ, ಒರೆಸುವ ಬಟ್ಟೆ ಅಂತ 1 ಬಿಲ್ಲೆ ಖರ್ಚು. ಉಳಿಯುವುದು 4. ಅಂದರೆ 25 ಜಿಪ್ ಆಗುವವರೆಗೆ ಅವಳು ದುಡಿಯುತ್ತಿರುವುದು ಇಕ್ಕಳಕ್ಕಾಗಿ. "ನನ್ನ ಕೈನೋವಿಗೆ ಎಷ್ಟು?" ಎಂದು ಅವಳೇ ಕೇಳಿದಳು. ಕೂಲಿಯನ್ನು ಖರ್ಚಿಗೆ ಸೇರಿಸದೆ ಲಾಭ ಬಂತು ಎಂದು ಕುಣಿಯುವ ದೊಡ್ಡವರನ್ನೂ ಕಂಡಿದ್ದೇನೆ, ಆ ಪ್ರಶ್ನೆಗೆ ನಾನು ಮನಸಾರೆ ಖುಷಿಪಟ್ಟೆ.

ಬಹುಮಾನ ಇಡುವುದು ನನಗೆ ಹಿಡಿಸದ ಪದ್ಧತಿ. ತೀರ್ಪುಗಾರರು, ಮೊದಲನೇ ಸ್ಥಾನ ಅಂತ ಬಂದ ಕೂಡಲೇ ಎಲ್ಲರ ಗಮನ ಪೋಸ್ಟರಿನ ಮೇಲೆ. ಪೋಸ್ಟರ್ ಯಾರ ಅಪ್ಪ ಬರೆದದ್ದು ಅನ್ನೋದು ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಬದಲಿಗೆ ಪ್ರತಿ ಮಗುವಿಗೂ 10 ಬಿಲ್ಲೆ ಕೊಡುತ್ತೇನೆ, ತನ್ನ ತಂಡ ಬಿಟ್ಟು ಬೇರೆ ಯಾರ ಹತ್ತಿರವಾದರೂ ಖರ್ಚು ಮಾಡಬಹುದು, ಮಾಡದೆ ಇಟ್ಟುಕೊಳ್ಳಲೂಬಹುದು. ಕೈಯಲ್ಲಿದ್ದದ್ದನ್ನು ಬಿಚ್ಚುವಾಗ ಮಕ್ಕಳಷ್ಟು ನಿಷ್ಠುರ ತೀರ್ಪುಗಾರರು ಇನ್ನಿಲ್ಲ. ಆ್ಯಪ್ ಬೇಡ ಅಂತ ಶುರುವಿನಲ್ಲಿ ಹೇಳಿರುತ್ತೇನೆ, ಆ ನಿಯಮವನ್ನೂ ಇಲ್ಲಿಗೆ ಸಡಿಲಿಸುತ್ತೇನೆ. ಅಷ್ಟು ಹೊತ್ತಿಗೆ ಅದನ್ನು ಕೇಳುವವರೇ ಇರುವುದಿಲ್ಲ.

ತಿನ್ನುವ ವಸ್ತು, ಕರೆಂಟಿಗೆ ಜೋಡಿಸುವಂಥದ್ದು, ಮಕ್ಕಳ ಫೋಟೊ ಹಾಕಿ ಪ್ರಚಾರ: ಮೂರಕ್ಕೂ ಅವಕಾಶವಿಲ್ಲ. ಮುಖ್ಯೋಪಾಧ್ಯಾಯರ ಒಪ್ಪಿಗೆ ಮತ್ತು ಪೋಷಕರಿಗೆ ಒಂದು ಚೀಟಿ ಮೊದಲೇ ಹೋಗಿರಬೇಕು.

ವ್ಯಾಪಾರ ಮುಚ್ಚುವುದನ್ನೂ ಕಲಿಸುತ್ತೇನೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಜಿಪ್ ತಂಡಕ್ಕೆ ಗಿರಾಕಿಗಳು ಬೇಗನೆ ಮುಗಿದುಹೋದರು, ಸರಿಯಾದ ಬ್ಯಾಗ್ ಮತ್ತೆ ಬರುವುದಿಲ್ಲವಲ್ಲ. ಆಮೇಲೆ ಜಗಳ: ಯೋಚನೆ ಅವಳದು, ಆದರೆ ಹೆಚ್ಚು ಬ್ಯಾಗ್ ರಿಪೇರಿ ಮಾಡಿದ್ದು ಅವಳ ಜೊತೆಗಾರ, ಉಳಿದ ಬಿಲ್ಲೆ ಯಾರಿಗೆಷ್ಟು? ಶುರುವಿನಲ್ಲೇ ಪಾಲು ಹೇಗೆಂದು ಬರೆದು ಇಬ್ಬರೂ ಸಹಿ ಹಾಕಿದ್ದ ಹಾಳೆ ನನ್ನ ಬೀರುವಿನಲ್ಲಿತ್ತು. ತೆಗೆದು ಮೇಜಿನ ಮೇಲಿಟ್ಟೆ. ಓದಿದರು, ಸ್ವಲ್ಪ ಗೊಣಗಿದರು, ಅದರಂತೆ ಹಂಚಿಕೊಂಡರು. ಈಗ ಪ್ರತಿ ತಂಡಕ್ಕೂ ಮೊದಲ ವಾರವೇ ಆ ಹಾಳೆ ಬರೆಸುತ್ತೇನೆ, ಐಡಿಯಾ ಇನ್ನೂ ಗಟ್ಟಿಯಾಗಿರದಿದ್ದರೂ.