ಬಯೋಮೆಡಿಕಲ್ ಎಂ.ಟೆಕ್ ಮುಗಿಸಿ ಘಟ್ಟ ಇಳಿದೆ

ಎಂ.ಟೆಕ್‌ನಲ್ಲಿ ನನ್ನ ಪ್ರಾಜೆಕ್ಟು ಇಸಿಜಿಯೊಳಗೆ ಗೋಡೆಯ ಕರೆಂಟಿನಿಂದ ಸೇರಿಕೊಳ್ಳುವ 50 ಹರ್ಟ್ಜ್ (ಸೆಕೆಂಡಿಗೆ 50 ಸುತ್ತಿನ) ಗದ್ದಲ ತೆಗೆಯುವುದು. ಎದೆಯ ಮೇಲೆ ಸಿಗುವ ಹೃದಯದ ಸಿಗ್ನಲ್ ಹೆಚ್ಚುಕಡಿಮೆ ಒಂದು ಮಿಲಿವೋಲ್ಟು, ಕೋಣೆಯ ಗೋಡೆಯಲ್ಲಿ ಹರಿಯುವುದು 230 ವೋಲ್ಟು. ಆ ಒಂದು ಮಿಲಿವೋಲ್ಟನ್ನು ಉಳಿಸಿಕೊಳ್ಳುವ ಫಿಲ್ಟರನ್ನು ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಬರೆದು ಡಿಗ್ರಿ ಪಡೆದೆ. ವರ್ಷಗಳಾದ ಮೇಲೆ ಅದೇ 50 ಹರ್ಟ್ಜನ್ನು ಕುಮಟಾದ ಒಂದು ನರ್ಸಿಂಗ್ ಹೋಮಿನ ಹಿತ್ತಿಲಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದು ಕಡಿಮೆ ಮಾಡಿದೆ. ಈಗ ಇದೇ ಕೋರ್ಸಿಗೆ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರು ‘ಮುಂದೆ ಎಂತ ಕೆಲಸ ಸಿಗ್ತದೆ?’ ಎಂದು ಕೇಳುತ್ತಾರೆ. ನಾನು ನಡೆದ ದಾರಿಯನ್ನಷ್ಟೇ ಹೇಳಬಲ್ಲೆ.

2016ರಲ್ಲಿ ಓದು ಮುಗಿದಾಗ ನನ್ನ ತಲೆಯಲ್ಲಿದ್ದುದು ಡಿಸೈನ್ ಕೆಲಸ ಒಂದೇ. ವೈದ್ಯಕೀಯ ಯಂತ್ರ ಮಾಡುವ ಜಿಇ, ಫಿಲಿಪ್ಸ್, ಸೀಮೆನ್ಸ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಕೇಂದ್ರಗಳಿವೆ, ಮೈಸೂರಿನಲ್ಲಿ ಸ್ಕ್ಯಾನ್‌ರೇ ಇದೆ. ಹೋದ ಕಡೆಯಲ್ಲೆಲ್ಲ ನನ್ನ ಫಿಲ್ಟರಿನ ಬಗ್ಗೆ ಎರಡು ಪ್ರಶ್ನೆ ಕೇಳಿ ಎಂಬೆಡೆಡ್ ಸಿ (ಯಂತ್ರದೊಳಗಿನ ಚಿಪ್ಪಿಗೆ ಬರೆಯುವ ಪ್ರೋಗ್ರಾಂ), ಪವರ್ ಸಪ್ಲೈ ಐಸೊಲೇಶನ್ (ರೋಗಿಯನ್ನು ಗೋಡೆಯ ಕರೆಂಟಿನಿಂದ ಬೇರ್ಪಡಿಸುವುದು) ಕಡೆ ತಿರುಗುತ್ತಿದ್ದರು. ಅಲ್ಲೇ ನಾನು ತಡವರಿಸುತ್ತಿದ್ದೆ. ಡಿಸೈನ್ ಬೇಕೆನ್ನುವವರು ಕಾಲೇಜಿನಲ್ಲಿರುವಾಗಲೇ ಒಂದು ಬೋರ್ಡನ್ನು ಸ್ವತಃ ಬೆಸುಗೆ ಹಾಕಿ, ಕೆಡಿಸಿ, ಮತ್ತೆ ಸರಿಮಾಡಿ ನೋಡಿರಬೇಕು.

ಕೊನೆಗೆ ಸಿಕ್ಕಿದ್ದು ಪೇಶೆಂಟ್ ಮಾನಿಟರ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಪರೀಕ್ಷೆಯ ಕೆಲಸ. ವೈದ್ಯಕೀಯ ವಿದ್ಯುತ್ ಯಂತ್ರಗಳ ಸುರಕ್ಷತೆಯ ಮಾನದಂಡ ಐಇಸಿ 60601 ಪ್ರಕಾರ ಲೀಕೇಜ್ ಕರೆಂಟ್ (ಸೋರುವ ಕರೆಂಟು) ಅಳೆಯುವುದು, ಐಎಸ್‌ಒ 14971 ಎಂಬ ಇನ್ನೊಂದು ಮಾನದಂಡದಂತೆ ಅಪಾಯಗಳ ಪಟ್ಟಿ ಬರೆಯುವುದು, ಸಾಫ್ಟ್‌ವೇರ್ ಬದಲಾದಾಗಲೆಲ್ಲ ಮತ್ತೆ ಅದೇ. ಮೊದಲ ಆರು ತಿಂಗಳು ಇದು ಬರೀ ಕಾಗದದ ಕೆಲಸ ಅನ್ನಿಸಿತ್ತು. ಹೃದಯಕ್ಕೆ ನೇರವಾಗಿ ತಾಗುವ ಭಾಗದಿಂದ ರೋಗಿಯ ಮೈಗೆ ಸಹಜ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರ್‌ಗಿಂತ, ಒಂದು ದೋಷ ಬಂದಾಗಲೂ 50ಕ್ಕಿಂತ ಹೆಚ್ಚು ಕರೆಂಟ್ ಸೋರಬಾರದು. ಕೈಗೆ ತಾಗಿದರೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು, ಕ್ಯಾತಿಟರ್ ಎಂಬ ಸಣ್ಣ ನಳಿಗೆಯ ಮೂಲಕ ಹೃದಯ ಮುಟ್ಟಿದರೆ ಅದರ ಬಡಿತ ಕೆಡಿಸಬಲ್ಲದು. ಇದು ಮನಸ್ಸಿಗೆ ಇಳಿದ ಮೇಲೆ ಆ ಕಾಗದಗಳನ್ನು ಓದುವ ರೀತಿಯೇ ಬದಲಾಯಿತು.

ಆ ಹೊತ್ತಿಗೇ ವೈದ್ಯಕೀಯ ಸಾಧನಗಳ ನಿಯಮಗಳು ಬಂದವು. 2017ರಲ್ಲಿ ಪ್ರಕಟವಾಗಿ 2018ರ ಜನವರಿಯಿಂದ ಜಾರಿಯಾದವು. 2020ರ ಏಪ್ರಿಲ್‌ನಿಂದ ಎಲ್ಲ ಸಾಧನಗಳೂ ಕಾನೂನಿನ ವ್ಯಾಪ್ತಿಗೆ ಸೇರಿದವು. ಎ ವರ್ಗದ ಕೆಲವು ಸರಳ ಸಾಧನ ಬಿಟ್ಟರೆ, ಅಪಾಯ ಕಡಿಮೆ ಇರುವ ಎ, ಬಿ ವರ್ಗಗಳಿಗೆ 2022ರ ಅಕ್ಟೋಬರ್‌ನಿಂದ, ಸಿ, ಡಿ ವರ್ಗಗಳಿಗೆ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯ. ಹೀಗಾಗಿ ಈ ನಿಯಮ, ಲೈಸೆನ್ಸುಗಳ ರೆಗ್ಯುಲೇಟರಿ ಕೆಲಸ ಬಲ್ಲವರನ್ನು ಕಂಪನಿಗಳು ಹುಡುಕತೊಡಗಿದವು. ನನ್ನ ಸಹಪಾಠಿಯೊಬ್ಬಳು ಅದೇ ದಾರಿ ಹಿಡಿದು ಚೆನ್ನಾಗಿದ್ದಾಳೆ. ಇನ್ನೊಬ್ಬ ಪಿಎಚ್‌ಡಿಗೆ ಹೋದ. 2020ರಿಂದ ಗೇಟ್ ಪರೀಕ್ಷೆಯಲ್ಲಿ ಬಯೋಮೆಡಿಕಲ್‌ಗೆ ಪ್ರತ್ಯೇಕ ಪತ್ರಿಕೆಯೇ ಇದೆ, ಸಂಶೋಧನೆ ಬೇಕಾದವರಿಗೆ ಅನುಕೂಲ.

ನಾನು ತಿರುಗಿದ್ದು 2021ರಲ್ಲಿ. ಕೊರೊನಾದ ಎರಡನೇ ಅಲೆಯಲ್ಲಿ ಶಿರಸಿ ಹತ್ತಿರದ ನಮ್ಮ ಮನೆಯಿಂದಲೇ ಕಂಪನಿಯ ಕೆಲಸ ಮಾಡುತ್ತಿದ್ದೆ. ಪರಿಚಯದ ಡಾಕ್ಟರೊಬ್ಬರು ಫೋನ್ ಮಾಡಿ, ‘ನಾಲ್ಕು ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದು, ಎರಡರಲ್ಲಿ ಅಲಾರಂ ನಿಲ್ತಿಲ್ಲೆ, ಒಂದ್ಸಲ ಬಂದು ನೋಡ್ತ್ಯನೇ ತಂಗಿ?’ ಎಂದರು. ಅದರೊಳಗಿನ ಜಿಯೋಲೈಟ್ ಎಂಬ ಖನಿಜದ ಹರಳು ಗಾಳಿಯ ನೈಟ್ರೋಜನ್ ಹಿಡಿದಿಟ್ಟು ಸುಮಾರು 93 ಪರ್ಸೆಂಟ್ ಆಕ್ಸಿಜನ್ ಹೊರಬಿಡುತ್ತದೆ. ಆದರೆ ಜಿಯೋಲೈಟಿಗೆ ತೇವ ಆಗದು. ಒಂದು ಯಂತ್ರ ಮಳೆಗಾಲವಿಡೀ ಓಡಿಸದೆ ಮೂಲೆಯಲ್ಲಿ ಇಟ್ಟಿದ್ದರಿಂದ ತೇವ ಕುಡಿದು ಸತ್ವ ಕಳೆದುಕೊಂಡಿತ್ತು. ಇನ್ನೊಂದರ ಗಾಳಿಯ ಫಿಲ್ಟರ್ ಕಟ್ಟಿತ್ತು, ಅಷ್ಟೇ. ತೊಳೆದು ಒಣಗಿಸಿ ಹಾಕಿದ್ದಕ್ಕೆ ಸರಿಹೋಯಿತು. ಆಮೇಲೆ ಹೋದ ಆಸ್ಪತ್ರೆಗಳಲ್ಲೆಲ್ಲ ಫ್ಯೂಸು, ಪ್ರೋಬು, ಬ್ಯಾಟರಿಯಂಥ ಸಣ್ಣ ಕಾರಣಕ್ಕೆ ಮೂಲೆ ಸೇರಿದ ಯಂತ್ರಗಳನ್ನು ಕಂಡೆ. ಸ್ವಲ್ಪ ಗಂಭೀರವಾದರೂ ರೋಗಿಯನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುವ ಜಿಲ್ಲೆ ನಮ್ಮದು. ಇರುವ ಯಂತ್ರವೂ ಹೀಗೆ ಸುಮ್ಮನೆ ಕೂತಿದ್ದು ನೋಡಿ ಹೊಟ್ಟೆ ಉರಿಯಿತು.

ಕೆಲಸ ಬಿಟ್ಟು ಕರಾವಳಿಯ ಒಂದು ಆಸ್ಪತ್ರೆಗೆ ಬಯೋಮೆಡಿಕಲ್ ಇಂಜಿನಿಯರ್ ಆಗಿ ಸೇರುತ್ತೇನೆ ಅಂದಾಗ ಅಪ್ಪಯ್ಯ, ‘ಎಂ.ಟೆಕ್ ಮಾಡ್ಕಂಡು ಮಶೀನು ರಿಪೇರಿ ಮಾಡದನೇ?’ ಅಂದ. ಆಯಿ ಎಂತದೂ ಹೇಳಲಿಲ್ಲ. ಸಂಬಳ ಅರ್ಧಕ್ಕೆ ಹತ್ತಿರ ಇಳಿಯಿತು, ಇದನ್ನು ಮುಚ್ಚಿಡಬಾರದು. ಅಲ್ಲಿ ನನಗೆ ಕಲಿಸಿದವರು ಡಿಪ್ಲೊಮಾ ಓದಿದ ಹಿರಿಯ ಟೆಕ್ನಿಷಿಯನ್ ಒಬ್ಬರು. ಉಪ್ಪುಗಾಳಿಗೆ ಯಾವ ಕನೆಕ್ಟರ್ ಮೊದಲು ಹಸಿರುಗಟ್ಟುತ್ತದೆ, ಎಂಡೋಸ್ಕೋಪಿನ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಎಷ್ಟು ದಿನಕ್ಕೆ ಬದಲಿಸಬೇಕು ಎಲ್ಲವೂ ಅವರಿಗೆ ಬಾಯಿಪಾಠ. ರಿಪೇರಿಯಲ್ಲಿ ಅವರ ಕೈ ನನಗಿಂತ ಚುರುಕು. ಕಾರಣ ಹುಡುಕುವಲ್ಲಿ ಮಾತ್ರ ನನ್ನ ಓದು ಕೈಹಿಡಿಯಿತು.

ಆ ಅರ್ಥಿಂಗ್ ಗುಂಡಿಯ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳು. ನರ್ಸಿಂಗ್ ಹೋಮಿನ ಇಸಿಜಿ ಗೆರೆ ಹಗ್ಗದಷ್ಟು ದಪ್ಪ ಬರುತ್ತಿತ್ತು. ಕೇಬಲ್ ಎರಡು ಸಲ ಬದಲಿಸಿಯಾಗಿತ್ತು. 40 ಹರ್ಟ್ಜ್‌ಗಿಂತ ಮೇಲಿನದನ್ನು ತಡೆಯುವ ಫಿಲ್ಟರ್ ಹಾಕಿ ಹೇಗೋ ನಡೆಸುತ್ತಿದ್ದರು. ಹಾಗೆ ಮಾಡಿದರೆ ಗೆರೆ ಚಂದ ಕಾಣುತ್ತದೆ, ಆದರೆ ಡಾಕ್ಟರಿಗೆ ಬೇಕಾದ ಚೂಪು ತುದಿಗಳು ಮೊಂಡಾಗುತ್ತವೆ. ರೋಗ ಗುರುತಿಸುವ ಇಸಿಜಿಗೆ 150 ಹರ್ಟ್ಜ್‌ವರೆಗಿನ ಸಿಗ್ನಲ್ ಬೇಕು. ನಾನು ಯಂತ್ರದ ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ. ಗೆರೆ ಸ್ವಚ್ಛ! ಅಂದರೆ ತಪ್ಪು ಕೇಬಲ್ಲಿನದಲ್ಲ, ಗದ್ದಲ ಗೋಡೆಯ ಪ್ಲಗ್ಗಿನ ಕಡೆಯಿಂದ ಬರುತ್ತಿದೆ. ಅರ್ಥಿಂಗ್ ಮೇಲೆ ಅನುಮಾನ ಬಂತು. ಎಲೆಕ್ಟ್ರಿಷಿಯನ್ ಜೊತೆ ಹಿತ್ತಿಲಿಗೆ ಹೋದೆ. ಚಿರೆಕಲ್ಲಿನ ನೆಲ, ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ‘ಮಳೆಗಾಲದಲ್ಲಿ ಎಲ್ಲ ಸರಿ ಇರ್ತದೆ ಮೇಡಂ’ ಅಂದ ಅವನು. ನೀರು ಹೊಯ್ದು ಸ್ವಲ್ಪ ಹೊತ್ತಿಗೆ ಗೆರೆ ತೆಳ್ಳಗಾಯಿತು. ನೀರು ತಾತ್ಕಾಲಿಕ ಉಪಾಯ. ಆ ವಾರವೇ ಬಾವಿಯ ಪಕ್ಕ ತೇವ ನಿಲ್ಲುವಲ್ಲಿ ಹೊಸ ಗುಂಡಿ ತೋಡಿಸಿದೆವು. ನನಗೆ ಸಮಾಧಾನ ತಂದದ್ದು ಇಸಿಜಿಗಿಂತ ಹೆಚ್ಚಾಗಿ, ಅದೇ ಅರ್ಥಿಂಗ್‌ಗೆ ಜೋಡಿಸಿದ್ದ ಆಪರೇಷನ್ ಥಿಯೇಟರಿಗೂ ಇದರಿಂದ ರಕ್ಷಣೆ ಸಿಕ್ಕಿತು ಎಂಬುದು.

ಈಗ ಎರಡು ವರ್ಷದಿಂದ ಸ್ವಂತ ಕೆಲಸ. ಸಾಲ ಮಾಡಿ ಕರೆಂಟ್ ಸೋರಿಕೆ ಅಳೆಯುವ ಸೇಫ್ಟಿ ಅನಲೈಸರ್, ರೋಗಿಯ ಸಿಗ್ನಲ್ ಅನುಕರಿಸುವ ಪೇಶೆಂಟ್ ಸಿಮ್ಯುಲೇಟರ್, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರನ್ನು ಪರೀಕ್ಷಿಸುವ ಟೆಸ್ಟರ್ ತಂದೆ. ಕಾರವಾರದಿಂದ ಭಟ್ಕಳದವರೆಗೆ, ದೇವಿಮನೆ ಘಟ್ಟ ಹತ್ತಿ ಶಿರಸಿಯವರೆಗೆ ಸಣ್ಣ ಆಸ್ಪತ್ರೆಗಳ ಯಂತ್ರಗಳನ್ನು ಪರೀಕ್ಷಿಸುತ್ತೇನೆ. ಡಿಫಿಬ್ರಿಲೇಟರಿನಲ್ಲಿ 200 ಜೂಲ್ ಇಟ್ಟು ರೋಗಿಯ ಮೈಯ ಬದಲು ಟೆಸ್ಟರಿನ 50 ಓಮ್ ಲೋಡಿಗೆ ಶಾಕ್ ಕೊಟ್ಟಾಗ ಅಳತೆಯ ವ್ಯತ್ಯಾಸ 15 ಪರ್ಸೆಂಟಿನೊಳಗೆ ಬಂದರೆ ಸ್ಟಿಕ್ಕರ್ ಅಂಟಿಸುತ್ತೇನೆ, ಇಲ್ಲದಿದ್ದರೆ ಎಷ್ಟೇ ಪರಿಚಯವಿದ್ದರೂ ಇಲ್ಲ. ಬಿಲ್ಲು ವಸೂಲಿ ಕಷ್ಟ, ಮಳೆಗಾಲದಲ್ಲಿ ಘಟ್ಟದ ಓಡಾಟ ಇನ್ನೂ ಕಷ್ಟ. ನನ್ನ ಟೆಸ್ಟರುಗಳು ವರ್ಷಕ್ಕೊಮ್ಮೆ ತಾವೇ ಅಳತೆ ಸರಿಯಿದೆಯೇ ಎಂದು ತಾಳೆ ನೋಡುವ ಕ್ಯಾಲಿಬ್ರೇಶನ್‌ಗೆ ಬೆಂಗಳೂರಿಗೆ ಹೋಗಿಬರುತ್ತವೆ. ಸದ್ಯ ಪರೀಕ್ಷಾ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆಗಾಗಿ, ಅವುಗಳ ಮಾನದಂಡ ಐಎಸ್‌ಒ 17025ರ ದಾಖಲೆ ಬರೆಯುತ್ತಿದ್ದೇನೆ, ರಾತ್ರಿ ಊಟವಾದ ಮೇಲೆ. ಮೊದಲ ಕೆಲಸದಲ್ಲಿ ಬೇಸರದಿಂದ ಕಲಿತದ್ದೇ ಪುಟಪುಟಕ್ಕೂ ಉಪಯೋಗಕ್ಕೆ ಬರುತ್ತಿದೆ.